ಮಗು ಶಾಲೆ ಬಿಡದಂತೆ ನೋಡಿಕೊಳ್ಳುವುದು ಹೇಗೆ: ಕರಾವಳಿಯ ಸ್ವಯಂಸೇವಕರಿಗೆ ಒಂದು ಕೈಪಿಡಿ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಮ್ಮ ಎರಡು ಜಿಲ್ಲೆಗಳು ರಾಜ್ಯದ ಪಟ್ಟಿಯ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳುವುದು ಈಗ ಯಾರಿಗೂ ಅಚ್ಚರಿಯ ಸುದ್ದಿಯಲ್ಲ. 2024ರಲ್ಲಿ ಉಡುಪಿ ಮೊದಲ ಸ್ಥಾನದಲ್ಲಿಯೂ ದಕ್ಷಿಣ ಕನ್ನಡ ಎರಡನೆಯ ಸ್ಥಾನದಲ್ಲಿಯೂ ಇದ್ದವು. 2025ರಲ್ಲಿ ಎರಡೂ ಸ್ಥಾನ ಬದಲಿಸಿಕೊಂಡವು. ಆದರೆ ಆ ಶೇಕಡಾವಾರು ಲೆಕ್ಕ ನಡೆಯುವುದು ಪರೀಕ್ಷೆಯವರೆಗೆ ತಲುಪಿದ ಮಕ್ಕಳ ನಡುವೆ ಮಾತ್ರ. ಏಳನೆಯ ತರಗತಿ ಮುಗಿಸಿ ಎಂಟಕ್ಕೆ ಸೇರದೆ ಮನೆಯಲ್ಲಿ ಉಳಿದ ಹುಡುಗಿ, ಒಂಬತ್ತರ ನಡುವೆ ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಕೆಲಸಕ್ಕೆ ಹೊರಟ ಹುಡುಗ, ಮಳೆಗಾಲಕ್ಕೆ ಊರಿಗೆ ಹೋಗಿ ಮರಳಿದಾಗ ಬೇರೆ ಬಡಾವಣೆಯಲ್ಲಿ ನೆಲೆಸಿ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇಲ್ಲವಾದ ಕಟ್ಟಡ ಕಾರ್ಮಿಕರ ಮಕ್ಕಳು, ಇವರೆಲ್ಲ ಆ ಲೆಕ್ಕದ ಹೊರಗಿರುತ್ತಾರೆ. ಮೇಲಿನ ಸ್ಥಾನದ ಸಂಭ್ರಮದಲ್ಲಿ ಇವರನ್ನು ಕಾಣದೆ ಹೋಗುವುದು ನಮ್ಮಲ್ಲಿ ಇತರ ಜಿಲ್ಲೆಗಳಿಗಿಂತ ಸುಲಭವೆಂದೇ ನನಗೆ ಅನ್ನಿಸುತ್ತದೆ.

ವಾರದಲ್ಲಿ ಎರಡು ಮೂರು ಗಂಟೆ ಕೊಡಬಲ್ಲ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿಗಳು, ಯುವಕ ಮಂಡಲ ಮತ್ತು ಮಹಿಳಾ ಮಂಡಲಗಳ ಸದಸ್ಯರು ಇಂಥ ಒಂದು ಮಗುವಿನ ಜತೆಗೆ ನಿಲ್ಲಲು ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮೊದಲೇ ಸ್ಪಷ್ಟಪಡಿಸಬೇಕಾದ ವಿಷಯವೆಂದರೆ, ಇದು ಉಚಿತ ಟ್ಯೂಷನ್ ಕೊಡುವ ಕೆಲಸವಲ್ಲ. ಮಗು ಇಂದು ಶಾಲೆಗೆ ಬಂದಿದೆಯೇ, ಬಾರದಿದ್ದರೆ ಏಕೆ ಬಂದಿಲ್ಲ, ನಾಳೆ ಬರಬೇಕಾದರೆ ಏನಾಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಅದೇ ದಿನ ಉತ್ತರ ಹುಡುಕುವ ಒಬ್ಬ ದೊಡ್ಡವರು ಆ ಮಗುವಿಗೆ ಇರಬೇಕು. ಪಾಠ ಹೇಳಿಕೊಡುವುದು ಆಮೇಲಿನದು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಆರಂಭವಾದ ‘ಚೆಕ್ ಅಂಡ್ ಕನೆಕ್ಟ್’ ಎಂಬ ಕಾರ್ಯಕ್ರಮವೂ ಇದೇ ದಾರಿಯಲ್ಲಿ ನಡೆದಿದೆ: ಅಲ್ಲಿ ಮಾರ್ಗದರ್ಶಕರು ಹಾಜರಿ, ನಡತೆ, ಅಂಕಗಳನ್ನು ನಿಯಮಿತವಾಗಿ ಗಮನಿಸುತ್ತಾರೆ, ಕನಿಷ್ಠ ಎರಡು ವರ್ಷ ಅದೇ ಮಗುವಿನ ಜತೆಗಿರುತ್ತಾರೆ, ಮಗು ಶಾಲೆ ಬದಲಿಸಿದರೂ ಸಂಪರ್ಕ ಬಿಡುವುದಿಲ್ಲ.

ಯಾವ ಮಗು, ಯಾವಾಗ

ನೇರವಾಗಿ ಮನೆಗೆ ಹೋಗಿ ಮಗುವನ್ನು ಆರಿಸಿಕೊಳ್ಳಬೇಡಿ. ಮೊದಲು ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ನೀವು ಯಾರು, ಎಷ್ಟು ಕಾಲ ಬರಬಲ್ಲಿರಿ ಎಂಬುದನ್ನು ತಿಳಿಸಿ, ಸಾಧ್ಯವಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲಿ ನಿಮ್ಮ ವಿಷಯ ಒಂದು ಸಾಲು ದಾಖಲಾಗುವಂತೆ ನೋಡಿಕೊಳ್ಳಿ. ಹೊರಗಿನವರೊಬ್ಬರು ಮಕ್ಕಳ ಮನೆಗೆ ಹೋಗುತ್ತಾರೆಂದರೆ ಶಾಲೆಗೆ ಅದು ಗೊತ್ತಿರಬೇಕು, ತಂದೆತಾಯಿಯ ಒಪ್ಪಿಗೆಯೂ ಇರಬೇಕು. ನಂತರ ತರಗತಿಯ ಶಿಕ್ಷಕರೊಂದಿಗೆ ಕುಳಿತು ಹಾಜರಿ ಪುಸ್ತಕ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ದಿನ ತರಗತಿ ನಡೆಯಬೇಕು; ಅದರಲ್ಲಿ ಹತ್ತನೆಯ ಒಂದು ಭಾಗ, ಅಂದರೆ 22 ದಿನ, ತಪ್ಪಿದ ಮಗುವನ್ನು ಅಪಾಯದಲ್ಲಿರುವ ಮಗುವೆಂದು ಪರಿಗಣಿಸಬಹುದು. ವರ್ಷ ಮುಗಿಯುವವರೆಗೆ ಕಾಯಬೇಕೆಂದಿಲ್ಲ. ಜೂನ್, ಜುಲೈ ಎರಡೇ ತಿಂಗಳಲ್ಲಿ ಐದಾರು ದಿನ ಕಾರಣವಿಲ್ಲದೆ ತಪ್ಪಿದ್ದರೆ ಆ ಹೆಸರನ್ನು ಬರೆದುಕೊಳ್ಳಿ. ಸೋಮವಾರ ಮಾತ್ರ ತಪ್ಪುವ ಹುಡುಗ, ತಮ್ಮ ಅಥವಾ ತಂಗಿ ಹುಟ್ಟಿದ ಮೇಲೆ ವಾರಕ್ಕೊಂದು ದಿನ ತಪ್ಪುವ ಹುಡುಗಿ, ಹಾಜರಿ ಚೆನ್ನಾಗಿದ್ದರೂ ಕಿರುಪರೀಕ್ಷೆಯ ದಿನ ಮಾತ್ರ ಬಾರದ ಮಗು, ಇವರ ಹಿಂದಿನ ಕಾರಣಗಳು ಬೇರೆ ಬೇರೆ ಇರುತ್ತವೆ. ಹಾಜರಿ ಪುಸ್ತಕದಲ್ಲಿ ಒಟ್ಟು ಸಂಖ್ಯೆಗಿಂತ ಈ ವಿನ್ಯಾಸವೇ ಹೆಚ್ಚು ಹೇಳುತ್ತದೆ.

ತರಗತಿಗಳಲ್ಲಿ ಎರಡು ತಿರುವುಗಳು ಮುಖ್ಯ. ನಮ್ಮ ಹೆಚ್ಚಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ಮುಗಿಯುವುದರಿಂದ ಎಂಟಕ್ಕೆ ಮಗು ಬೇರೆ ಶಾಲೆಗೆ, ಎಷ್ಟೋ ಸಲ ಬೇರೆ ಊರಿಗೆ, ಹೋಗಬೇಕಾಗುತ್ತದೆ. ಹತ್ತರ ನಂತರ ಪಿಯುಸಿಗೆ ಮತ್ತೊಮ್ಮೆ ಬದಲಾವಣೆ. ಮಕ್ಕಳು ತಪ್ಪಿಹೋಗುವುದು ಈ ದಾಟುವ ಜಾಗಗಳಲ್ಲಿ. ಆದ್ದರಿಂದ ಆರು ಅಥವಾ ಏಳನೆಯ ತರಗತಿಯ ಮಗುವನ್ನು ಆರಿಸಿಕೊಂಡು ಎಂಟು, ಒಂಬತ್ತರವರೆಗೆ ಜತೆಗಿರುವುದು ಹೊಸಬರಿಗೆ ಒಳ್ಳೆಯ ಆಯ್ಕೆ. ಆರಂಭದಲ್ಲಿ ಒಂದೇ ಮಗು ಸಾಕು, ಹೆಚ್ಚೆಂದರೆ ಎರಡು. ಹತ್ತು ಮಕ್ಕಳನ್ನು ಒಟ್ಟಿಗೆ ಸೇರಿಸಿ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವ ಉತ್ಸಾಹ ಗಣೇಶೋತ್ಸವದವರೆಗೂ ಬಾಳುವುದಿಲ್ಲ.

ಮೊದಲ ಭೇಟಿ

ಮನೆಗೆ ಹೋಗುವ ಹೊತ್ತನ್ನು ಆ ಮನೆಯ ದುಡಿಮೆ ನಿರ್ಧರಿಸುತ್ತದೆ. ಬಂಟ್ವಾಳ, ಉಳ್ಳಾಲ, ಮೂಲ್ಕಿ, ಕಾರ್ಕಳ ಕಡೆಯ ಎಷ್ಟೋ ಮನೆಗಳಲ್ಲಿ ತಾಯಿ ಬೀಡಿ ಕಟ್ಟುತ್ತಾರೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಪ್ಪಿಸುವ ದಿನ ಅವರಿಗೆ ನಿಮ್ಮ ಜತೆ ಮಾತನಾಡಲು ವ್ಯವಧಾನ ಇರುವುದಿಲ್ಲ, ಮತ್ತು ಆ ಹಿಂದಿನ ಸಂಜೆ ಮಗಳೂ ಎಲೆ ಕತ್ತರಿಸಲು ಕುಳಿತಿರುವ ಸಾಧ್ಯತೆ ಇರುತ್ತದೆ. ಮಲ್ಪೆ ಅಥವಾ ಮಂಗಳೂರಿನ ದಕ್ಕೆಯಲ್ಲಿ ದುಡಿಯುವವರ ದಿನ ನಸುಕಿಗಿಂತ ಮೊದಲೇ ಶುರುವಾಗುವುದರಿಂದ ಅವರು ಮಧ್ಯಾಹ್ನ ಮಲಗುತ್ತಾರೆ. ಸಂಜೆ ನಾಲ್ಕರ ಮೇಲೆ ಹೋಗಿ. ಕಟ್ಟಡ ಕಾರ್ಮಿಕರ ಶೆಡ್‌ಗಳಲ್ಲಿ ಭಾನುವಾರ ಬೆಳಿಗ್ಗೆ, ಸಂತೆಗೆ ಹೊರಡುವ ಮೊದಲು, ಎಲ್ಲರೂ ಸಿಗುತ್ತಾರೆ. ಹುಡುಗಿಯ ಮನೆಗೆ ಗಂಡಸರು ಹೋಗುವುದಾದರೆ ಆ ವಾರ್ಡಿನ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಜತೆಗೆ ಕರೆದುಕೊಂಡೇ ಹೋಗಬೇಕು; ಅವರಿಗೆ ಆ ಮನೆಯ ಸ್ಥಿತಿ ನಮಗಿಂತ ಹತ್ತು ಪಾಲು ಹೆಚ್ಚು ಗೊತ್ತಿರುತ್ತದೆ.

ಮೊದಲ ಸಲ ಶಾಲೆಯ ಮಾತನ್ನೇ ಎತ್ತದಿದ್ದರೂ ನಷ್ಟವಿಲ್ಲ. ಅವರು ಕುಳಿತಲ್ಲಿ ಕುಳಿತುಕೊಳ್ಳಿ, ಆಸರಿಗೆಗೆ ಕೊಟ್ಟ ನೀರು ಬೆಲ್ಲವನ್ನೋ ಚಹಾವನ್ನೋ ಬೇಡವೆನ್ನದೆ ತೆಗೆದುಕೊಳ್ಳಿ. ಮನೆಯಲ್ಲಿ ಯಾರು ಯಾವ ಹೊತ್ತಿಗೆ ಹೊರಡುತ್ತಾರೆ, ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಮಗು ರಾತ್ರಿ ಎಲ್ಲಿ ಕುಳಿತು ಓದುತ್ತದೆ, ಫೋನ್ ಯಾರ ಕೈಯಲ್ಲಿರುತ್ತದೆ ಎಂಬುದು ಮಾತಿನ ನಡುವೆ ತಾನಾಗಿಯೇ ತಿಳಿಯುತ್ತದೆ. ‘ನಿಮ್ಮ ಮಗ ಇಷ್ಟು ದಿನ ಬಂದಿಲ್ಲ’ ಎಂದು ಲೆಕ್ಕ ಒಪ್ಪಿಸುವ ಧಾಟಿಯಿಂದ ಆರಂಭಿಸಿದರೆ ಮುಂದಿನ ಸಲ ಬಾಗಿಲಲ್ಲಿ ಅಜ್ಜಿ ಮಾತ್ರ ಇರುತ್ತಾರೆ. ಓದಿನ ಮಹತ್ವದ ಬಗ್ಗೆ ಭಾಷಣವೂ ಬೇಡ. ಆ ತಾಯಿ ಅದನ್ನು ತಿಳಿಯದವರಲ್ಲ. ಅವರಿಗೆ ಬೇಕಾಗಿರುವುದು ಮಗು ಶಾಲೆಗೆ ಹೋದಾಗ ಬಿದ್ದುಹೋಗುವ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ.

ಈ ಮಾತನ್ನು ನಮ್ಮ ಊರು ನೂರು ವರ್ಷಕ್ಕೂ ಹಿಂದೆಯೇ ಕಂಡಿದೆ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ಸುಮ್ಮನಾಗಲಿಲ್ಲ. ವಸತಿ, ಕಸುಬಿನ ತರಬೇತಿ, ಕುಟುಂಬಗಳಿಗೆ ನೆಲೆ, ಇವನ್ನೂ ಶಾಲೆಯ ಜತೆಯಲ್ಲೇ ನೋಡಬೇಕಾಯಿತು. ಕಿತ್ತಳೆ ಮಾರಿ ಬದುಕುತ್ತಿದ್ದ ಹರೇಕಳ ಹಾಜಬ್ಬರು ತಮ್ಮ ನ್ಯೂಪಡ್ಪಿನಲ್ಲಿ ಶಾಲೆಯೇ ಇಲ್ಲವೆಂಬ ಕೊರತೆಯನ್ನು ಹಿಡಿದು ಹೊರಟವರು, 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಇಬ್ಬರೂ ಮಗುವಿಗೆ ಬುದ್ಧಿ ಹೇಳುವುದರಿಂದ ಆರಂಭಿಸಲಿಲ್ಲ, ಮಗುವಿಗೂ ಶಾಲೆಗೂ ನಡುವೆ ಇದ್ದ ಅಡ್ಡಿಯಿಂದ ಆರಂಭಿಸಿದರು.

ಬಾರದ ದಿನವೇ ಫೋನ್

ಇಡೀ ಕೆಲಸದಲ್ಲಿ ಒಂದೇ ಒಂದು ಅಭ್ಯಾಸವನ್ನು ಉಳಿಸಿಕೊಳ್ಳಬಹುದೆಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಬೆಳಿಗ್ಗೆ ಹಾಜರಿ ಮುಗಿದ ಮೇಲೆ ತರಗತಿ ಶಿಕ್ಷಕರು ನಿಮಗೊಂದು ಸಣ್ಣ ಸಂದೇಶ ಕಳುಹಿಸುವ ಏರ್ಪಾಡು ಮಾಡಿಕೊಳ್ಳಿ. ಮಗು ಬಂದಿದ್ದರೆ ಸಂದೇಶವೇ ಬೇಡ, ಬಾರದಿದ್ದರೆ ಮಾತ್ರ ಹೆಸರು. ಮಧ್ಯಾಹ್ನದೊಳಗೆ ಮನೆಗೆ ಕರೆ ಮಾಡಿ. ‘ಎಂತ ಆಯ್ತು ಅಕ್ಕ? ಮಗಳು ಇವತ್ತು ಶಾಲೆಗೆ ಬರ್ಲಿಲ್ಲ ಅಂತ ಗೊತ್ತಾಯ್ತು, ಹುಷಾರುಂಟಲ್ಲ?’ ಎಂಬಷ್ಟು ಸಾಕು. ಪ್ರಶ್ನೆಯಲ್ಲಿ ಆರೋಪ ಇರಬಾರದು, ಆದರೆ ಪ್ರಶ್ನೆ ತಪ್ಪಲೂಬಾರದು. ಒಂದು ದಿನದ ಗೈರಿಗೆ ಒಂದು ಕಾರಣವಿರುತ್ತದೆ. ನಾಲ್ಕನೆಯ ದಿನಕ್ಕೆ ಆ ಕಾರಣ ಮುಗಿದಿದ್ದರೂ ಮನೆಪಾಠ ಮಾಡದ ಭಯ, ಶಿಕ್ಷಕರು ಎಬ್ಬಿಸಿ ನಿಲ್ಲಿಸಿ ಕೇಳುವರೆಂಬ ನಾಚಿಕೆ ಅದರ ಜಾಗಕ್ಕೆ ಬಂದಿರುತ್ತದೆ. ಹತ್ತನೆಯ ದಿನ ಮಗುವಿಗೆ ಶಾಲೆಯ ಗೇಟು ಅಪರಿಚಿತವಾಗುತ್ತದೆ.

ಉತ್ತರಗಳು ಸಾಮಾನ್ಯವಾಗಿ ಬಹಳ ಸಣ್ಣವು. ಜುಲೈ ತಿಂಗಳಲ್ಲಿ ಎರಡು ಜತೆ ಸಮವಸ್ತ್ರವೂ ಒದ್ದೆಯಾಗಿ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕಿದರೂ ಸೊಂಟದ ಪಟ್ಟಿ ಬೆಳಿಗ್ಗೆಗೆ ಒಣಗಿರುವುದಿಲ್ಲ. ಹಾಗೆ ಹೋದರೆ ಪಕ್ಕದವರು ವಾಸನೆ ಎನ್ನುತ್ತಾರೆಂದು ಮಗು ಉಳಿದುಬಿಡುತ್ತದೆ. ಇದಕ್ಕೆ ಪರಿಹಾರ ಸುಲಭ: ಮಳೆಗಾಲ ಮುಗಿಯುವವರೆಗೆ ಬಣ್ಣದ ಬಟ್ಟೆಯಲ್ಲಿ ಬಂದರೂ ತರಗತಿಗೆ ಬಿಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುವುದು, ಹಳೆಯ ವಿದ್ಯಾರ್ಥಿಗಳಿಂದ ಸಂಗ್ರಹಿಸಿದ ಮೂರನೆಯ ಜತೆಯೊಂದನ್ನು ಶಾಲೆಯಲ್ಲೇ ಇಡುವುದು. ಮುರಿದ ಕೊಡೆ, ಕಾಲ್ಸಂಕದ ಮೇಲೆ ನೀರು, ಮುಟ್ಟಿನ ದಿನಗಳಲ್ಲಿ ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲದಿರುವುದು, ಇವೂ ಇದೇ ಜಾತಿಯ ಕಾರಣಗಳು. ಒಂದು ಚಿಲಕಕ್ಕೆ ಎಸ್‌ಡಿಎಂಸಿ ಸಭೆಯವರೆಗೆ ಕಾಯುವ ಅಗತ್ಯವಿಲ್ಲ. ಮಗು ಮರಳಿದ ದಿನ ತರಗತಿಯಲ್ಲಿ ಯಾರೂ ಅದನ್ನು ಗೇಲಿ ಮಾಡದಂತೆ, ‘ಓಹೋ, ಅತಿಥಿಗಳು ಬಂದರು’ ಎಂಬ ಮಾತು ಶಿಕ್ಷಕರ ಬಾಯಿಂದಲೂ ಬಾರದಂತೆ, ಮೊದಲೇ ಮಾತನಾಡಿಟ್ಟುಕೊಳ್ಳಿ.

ನಮ್ಮ ವರ್ಷದ ಲೆಕ್ಕ

ಕರಾವಳಿಯಲ್ಲಿ ಮಕ್ಕಳು ತಪ್ಪುವ ಕಾಲ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಜೂನ್‌ಗೆ ಮುಂಚೆಯೇ ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ದಕ್ಕೆಯನ್ನು ನಂಬಿದ ಮನೆಗಳಲ್ಲಿ ಪುಸ್ತಕ, ಬಸ್ಸು, ಕೊಡೆಗಳ ಖರ್ಚು ಬರುವುದು ಸಂಪಾದನೆ ನಿಂತ ತಿಂಗಳಲ್ಲಿ. ಬಾಗಲಕೋಟೆ, ಕೊಪ್ಪಳ, ವಿಜಯಪುರ, ಗದಗ ಕಡೆಯಿಂದ ಬಂದ ಕುಟುಂಬಗಳು ಇದೇ ಸಮಯದಲ್ಲಿ ಊರಿಗೆ ಹೊರಡುತ್ತವೆ. ‘ಬಿತ್ತೂದೈತ್ರೀ ಸರ್, ಮುಗಿಸ್ಕೊಂಡ್ ಬರ್ತೀವಿ’ ಎಂದು ಹೇಳಿ ಹೋದವರು ಆಗಸ್ಟ್‌ನಲ್ಲಿ ಮರಳಿದಾಗ ದಾಖಲಾತಿ ಮುಗಿದಿದೆಯೆಂಬ ಮಾತು ಅವರಿಗೆ ಕೇಳಿಬರಬಾರದು. ಎಂಟನೆಯ ತರಗತಿಯವರೆಗೆ, 14 ವರ್ಷದೊಳಗಿನ ಮಗುವಿಗೆ, ವರ್ಷದ ನಡುವೆ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಬಹಳ ಕಾಲ ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ಹೇಳುತ್ತದೆ. ಹೊರಡುವ ಮೊದಲೇ ಅವರ ಊರಿನ ಹೆಸರು, ಅಲ್ಲಿಯ ಒಂದು ಫೋನ್ ಸಂಖ್ಯೆ, ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸ್ಯಾಟ್ಸ್ ಸಂಖ್ಯೆ, ಈ ಮೂರನ್ನು ಬರೆದಿಟ್ಟುಕೊಳ್ಳಿ. ಸ್ಯಾಟ್ಸ್ ಸಂಖ್ಯೆ ಕೈಯಲ್ಲಿದ್ದರೆ ರಾಜ್ಯದ ಯಾವ ಶಾಲೆಯಲ್ಲೂ ಮಗುವಿನ ದಾಖಲೆ ಹುಡುಕಬಹುದು.

ಮಧ್ಯದಲ್ಲಿ ಜಿಲ್ಲಾಧಿಕಾರಿಗಳು ಘೋಷಿಸುವ ಮಳೆ ರಜೆಗಳೂ ಇವೆ. ನಾಲ್ಕು ದಿನ ರಜೆ ಕಳೆದ ಮರುದಿನದ ಹಾಜರಿಯ ಮೇಲೆ ವಿಶೇಷ ಕಣ್ಣಿಡಬೇಕು. ರಜೆ ಮುಗಿದದ್ದು ಎಲ್ಲ ಮನೆಗಳಿಗೂ ತಿಳಿದಿರುವುದಿಲ್ಲ. ಅಷ್ಟಮಿ, ಮಾರ್ನೆಮಿಯ (ನವರಾತ್ರಿಯ) ಹುಲಿವೇಷಕ್ಕೆ ಹೋಗುವ ಹುಡುಗರನ್ನು ತಡೆಯಲು ನಾನಂತೂ ಹೋಗುವುದಿಲ್ಲ. ಬಣ್ಣ ತೊಳೆದ ಮಾರನೆಯ ದಿನ ಅವನು ತರಗತಿಯಲ್ಲಿದ್ದರೆ ಸಾಕು, ತಾಸೆ ವಾದ್ಯದ ಬಡಿತಕ್ಕೆ ಶಾಲಾ ವಾರ್ಷಿಕೋತ್ಸವದಲ್ಲಿ ಅವನಿಂದಲೇ ಕುಣಿಸಿದರೆ ಇನ್ನೂ ಒಳ್ಳೆಯದು.

ಹೆಚ್ಚು ಎಚ್ಚರ ಬೇಕಾದದ್ದು ನವೆಂಬರ್ ನಂತರದ ಕ್ಯಾಟರಿಂಗ್ ಕಾಲಕ್ಕೆ. ಮದುವೆ, ಬ್ರಹ್ಮಕಲಶ, ನೇಮ, ಮೆಹಂದಿಗಳ ಊಟಕ್ಕೆ ಬಡಿಸಲು ಹೈಸ್ಕೂಲು ಹುಡುಗರು ಹೋಗುವುದು ನಮ್ಮಲ್ಲಿ ಸಾಮಾನ್ಯ. ರಾತ್ರಿ ಒಂದು ಗಂಟೆಗೆ ಮನೆ ಸೇರಿದ ಹುಡುಗ ಬೆಳಿಗ್ಗೆ ಗಣಿತದ ತರಗತಿಯಲ್ಲಿ ಎಚ್ಚರವಾಗಿರಲಾರ. ಸೋಮವಾರದ ಗೈರಿನ ಹಿಂದೆ ಹಲವು ಸಲ ಇದೇ ಇರುತ್ತದೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನಲ್ಲಿ ನಿಷಿದ್ಧ, 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಆದರೆ ಹದಿನೈದರ ಹುಡುಗನಿಗೆ ಕಾನೂನು ಓದಿ ಹೇಳಿದರೆ ಅವನು ನಿಮ್ಮಿಂದ ಮುಚ್ಚಿಡುವುದನ್ನು ಕಲಿಯುತ್ತಾನೆ, ಅಷ್ಟೇ. ಆ ಹಣ ಯಾವುದಕ್ಕೆ ಹೋಗುತ್ತಿದೆ ಎಂದು ಕೇಳಿ. ಮನೆಯ ಅಕ್ಕಿಗೆ ಹೋಗುತ್ತಿದ್ದರೆ ಪಡಿತರ ಚೀಟಿಯಲ್ಲಿ ಏನೋ ತೊಡಕಿದೆ ಎಂದು ಅರ್ಥ, ಅದನ್ನು ಬಿಡಿಸಬಹುದು. ಮೊಬೈಲಿನ ಕಂತಿಗೆ ಹೋಗುತ್ತಿದ್ದರೆ ಮಾತು ಬೇರೆ. ಶಾಲೆಯ ದಿನದ ಹಿಂದಿನ ರಾತ್ರಿ ಹೋಗಬಾರದು ಎಂಬ ಒಂದು ಕರಾರಿಗೆ ಅವನನ್ನೂ, ಕ್ಯಾಟರಿಂಗ್‌ನ ಅಣ್ಣನನ್ನೂ ಒಪ್ಪಿಸಲು ಸಾಧ್ಯ. ಆ ಅಣ್ಣ ಸಾಮಾನ್ಯವಾಗಿ ಅದೇ ಊರಿನವರು, ನಾಲ್ಕು ಜನರ ಮಾತಿಗೆ ಬೆಲೆ ಕೊಡುವವರು.

ಒತ್ತಕ್ಷರದಲ್ಲಿ ನಿಂತ ಮಗು

ಶಾಲೆ ಬೇಡವೆನ್ನುವ ಎಂಟನೆಯ ತರಗತಿಯ ಮಗುವಿನ ಕೈಗೆ ವಿಜ್ಞಾನದ ಪುಸ್ತಕ ಕೊಟ್ಟು ಒಂದು ಪುಟ ಗಟ್ಟಿಯಾಗಿ ಓದಲು ಹೇಳಿ. ‘ಗಿಡ’, ‘ಎಲೆ’, ‘ನೀರು’ ಸರಾಗವಾಗಿ ಸಾಗುತ್ತವೆ. ‘ದ್ಯುತಿಸಂಶ್ಲೇಷಣೆ’ ಬಂದಾಗ ದನಿ ಇಳಿಯುತ್ತದೆ, ಬೆರಳು ಪದದ ಮೇಲೆ ನಿಲ್ಲುತ್ತದೆ, ಮೊದಲ ಅಕ್ಷರವನ್ನು ಊಹಿಸಿ ಉಳಿದದ್ದನ್ನು ನುಂಗಿ ಮುಂದಿನ ಸಾಲಿಗೆ ಹಾರುತ್ತದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಲಂಬಾಣಿ ಮಾತನಾಡುವ ಮಗು ಕೇಳಿದ ಪಾಠವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರೂ ಓದಿದಾಗ ಎಡವುವುದನ್ನು ನಾನು ಬಹಳ ಕಂಡಿದ್ದೇನೆ. ಶಿಕ್ಷಕರು ಇದನ್ನು ಸೋಮಾರಿತನವೆಂದೂ ಮಗು ತನ್ನ ದಡ್ಡತನವೆಂದೂ ತಿಳಿಯುತ್ತವೆ. ಎರಡೂ ತಪ್ಪು. ಅದು ಮೂರನೆಯ ತರಗತಿಯಲ್ಲಿ ಗಟ್ಟಿಯಾಗಬೇಕಿದ್ದ ಒಂದು ಕೌಶಲ, ವಾರಕ್ಕೆ ಮೂರು ಸಲ ಇಪ್ಪತ್ತು ನಿಮಿಷದಂತೆ ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳಬಹುದಾದದ್ದು.

ಮೂರನೆಯ ತರಗತಿಯ ಕನ್ನಡ ಪುಸ್ತಕವನ್ನು ಹದಿಮೂರರ ಹುಡುಗಿಯ ಮುಂದೆ ಇಟ್ಟರೆ ಅವಳಿಗೆ ಅವಮಾನವಾಗುತ್ತದೆ. ತಮ್ಮನಿಗೆ ಓದಿ ಹೇಳುವ ಕೆಲಸ ಕೊಟ್ಟರೆ ಅದೇ ಪುಸ್ತಕವನ್ನು ಅವಳು ದಿನವೂ ತೆಗೆಯುತ್ತಾಳೆ. ಪತ್ರಿಕೆಯ ತಲೆಬರಹಗಳು, ಬಸ್ಸಿನ ಬೋರ್ಡುಗಳು, ನೇಮದ ಆಮಂತ್ರಣ ಪತ್ರಿಕೆ, ಎಲ್ಲದರಲ್ಲೂ ಒತ್ತಕ್ಷರಗಳು ಧಾರಾಳವಾಗಿವೆ. ಗಣಿತದಲ್ಲಿ ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ, ಭಿನ್ನರಾಶಿ, ಈ ಮೂರನ್ನು ಪರೀಕ್ಷಿಸಿ; ಉಳಿದದ್ದನ್ನು ತರಗತಿಗೆ ಬಿಡಿ. ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೆ ಅಲ್ಲಿಯ ಬೆಂಚು ಪುಸ್ತಕಕ್ಕಿಂತಲೂ ಉಪಯುಕ್ತ. ಎಂಟಕ್ಕೆ ಬರುವಾಗ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಕೆಂದು ತಂದೆತಾಯಿ ಬಯಸುವುದು ಸಹಜವಾದರೂ, ಕನ್ನಡದಲ್ಲೇ ಓದು ಕೂಡದ ಮಗುವನ್ನು ಆ ವರ್ಷ ಮಾಧ್ಯಮ ಬದಲಿಸುವುದು ಬೇಡವೆಂದು ಸ್ಪಷ್ಟವಾಗಿ ಹೇಳುವುದು ನಿಮ್ಮ ಕರ್ತವ್ಯ.

ಉತ್ತರ ಕರ್ನಾಟಕದ ಮಕ್ಕಳ ಕಷ್ಟ ಇನ್ನೊಂದು. ಅವರು ಕನ್ನಡವನ್ನು ಮನೆಮಾತಾಗಿ ಆಡಿದರೂ ‘ಹೋಗಾಕತ್ತೇನಿ’ ಎಂದಾಗ ತರಗತಿ ನಗುತ್ತದೆ, ಆಟದ ಬಯಲಿನಲ್ಲಿ ಎಲ್ಲರೂ ತುಳುವಿಗೆ ಹೊರಳಿದಾಗ ಅವರು ಬದಿಗೆ ನಿಲ್ಲುತ್ತಾರೆ. ಶಿಕ್ಷಕರಿಗೆ ಹೇಳಿ ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಜತೆಗೊಬ್ಬ ಗೆಳೆಯನನ್ನು ಜೋಡಿಸಿಕೊಟ್ಟರೆ ಹಾಜರಿ ಬದಲಾಗುತ್ತದೆ.

ಕಾಗದಪತ್ರ, ಹಣ, ಬಸ್ಸು

ಸರಕಾರದ ಸೌಲಭ್ಯಗಳು ಹಲವಿವೆ, ತಲುಪದಿರುವುದು ಹೆಚ್ಚಾಗಿ ಕಾಗದದ ತಪ್ಪಿನಿಂದ. ಮೊದಲ ತಿಂಗಳಲ್ಲೇ ಆಧಾರ್, ಸ್ಯಾಟ್ಸ್, ಬ್ಯಾಂಕ್ ಪಾಸ್‌ಪುಸ್ತಕ ಮೂರರಲ್ಲೂ ಮಗುವಿನ ಹೆಸರು ಒಂದೇ ರೀತಿ ಇದೆಯೇ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವುದೆಂದರೆ ದಿನಗೂಲಿಯವರಿಗೆ ಒಂದು ದಿನದ ಸಂಬಳ ಹೋದಂತೆ, ಆದ್ದರಿಂದ ಅರ್ಜಿ ತುಂಬಿಸಿ ಎಲ್ಲ ದಾಖಲೆ ಸಿದ್ಧಪಡಿಸಿಕೊಟ್ಟು ಒಂದೇ ಓಡಾಟದಲ್ಲಿ ಮುಗಿಯುವಂತೆ ಮಾಡಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಗುರುತಿನ ಚೀಟಿ ಇರುವ ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದ್ದು, ಅದಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಸಿಗುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯವರು ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಎಂಟನೆಯ ತರಗತಿಯ ಮಗುವಿಗೆ ಈ ಪರೀಕ್ಷೆಗಾಗಿ ತಯಾರಿ ಮಾಡಿಸುವುದು, ಆಯ್ಕೆಯಾಗದಿದ್ದರೂ, ವ್ಯರ್ಥವಲ್ಲ.

ನಿಮ್ಮ ಕೈಯಿಂದ ಹಣ ಕೊಡುವುದನ್ನು ಮಾತ್ರ ದಯವಿಟ್ಟು ತಪ್ಪಿಸಿ. ಬೇಕಾದ ವಸ್ತುವನ್ನು ಶಾಲೆಯ ಮೂಲಕ ಕೊಡಿಸಿ. ಹಣ ಬಂದ ಕ್ಷಣ ನೀವು ಮಾರ್ಗದರ್ಶಕರಾಗಿ ಉಳಿಯುವುದಿಲ್ಲ, ಧಣಿಗಳಾಗುತ್ತೀರಿ.

ಬಸ್ಸಿನ ವಿಷಯದಲ್ಲಿ ನಮ್ಮ ಜಿಲ್ಲೆಗಳ ಸ್ಥಿತಿ ಉಳಿದ ಕರ್ನಾಟಕದಂತಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹುಡುಗಿಯರು ಸರಕಾರಿ ಬಸ್ಸಿನಲ್ಲಿ ಉಚಿತವಾಗಿ ಹೋಗಬಹುದು, ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಏಳು ಮುಗಿಸಿದ ಹುಡುಗಿಗೆ ಹೈಸ್ಕೂಲು ಆರಿಸುವಾಗ ಹೆಸರುವಾಸಿ ಶಾಲೆಗಿಂತ ಸರಕಾರದ ನರ್ಮ್ ಬಸ್ಸು ಬರುವ ದಾರಿಯ ಶಾಲೆ, ಅಥವಾ ಜತೆಯವರೊಂದಿಗೆ ನಡೆದು ಹೋಗುವಷ್ಟು ಹತ್ತಿರದ ಶಾಲೆ ಮೇಲು. ಅದೂ ಇಲ್ಲವಾದರೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳಿವೆ. ಹಾಸ್ಟೆಲಿಗೆ ಸೇರಿಸುವ ಮೊದಲು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೋಗಿ ಒಮ್ಮೆ ತೋರಿಸಿ. ವಿಶೇಷವಾಗಿ ಕೊರಗ ಸಮುದಾಯದ ಮಕ್ಕಳು ಮೊದಲ ಹಬ್ಬಕ್ಕೆ ಮನೆಗೆ ಬಂದವರು ಮರಳದಿರುವುದುಂಟು, ಆ ಮರಳುವ ದಿನ ನೀವೇ ಜತೆಗೆ ಹೋಗುವುದು ಒಳ್ಳೆಯದು.

ಕುಟುಂಬ ಬೇರೆಡೆಗೆ ಹೋದರೆ ವರ್ಗಾವಣೆ ಪತ್ರಕ್ಕೆ ಕಾದು ತಿಂಗಳು ಕಳೆಯಬಾರದು. ಟಿಸಿಯನ್ನು ಶಾಲೆ ತಕ್ಷಣ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ತಡೆಯುವಂತಿಲ್ಲ. ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಇದು ಕಾನೂನಿನ ಹಕ್ಕು. ಆಗುವುದಿಲ್ಲವೆಂದರೆ ಆ ಶಾಲಾ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರ ಬಳಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ.

ಮಿತಿಗಳು

ಮಗುವನ್ನು ಮುಚ್ಚಿದ ಬಾಗಿಲ ಹಿಂದೆ ಒಬ್ಬಂಟಿಯಾಗಿ ಭೇಟಿ ಮಾಡಬೇಡಿ, ನಿಮ್ಮ ಮನೆಗೆ ಕರೆಸಬೇಡಿ, ಫೋಟೊ ಹಂಚಿಕೊಳ್ಳಬೇಡಿ. ಶಾಲೆಯ ಜಗಲಿ, ಗ್ರಂಥಾಲಯ, ಅವರ ಮನೆಯ ಅಂಗಳ, ಇವೇ ಭೇಟಿಯ ಜಾಗಗಳು. ಮಗು ಹೇಳಿದ ಮನೆಯ ಗುಟ್ಟನ್ನು ಊರಿನಲ್ಲಿ ಹೇಳಬಾರದು. ಆದರೆ ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನೂ ಕೊಡಬಾರದು. ಲೈಂಗಿಕ ದೌರ್ಜನ್ಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಮೇಲಿರುವ ಬಾಧ್ಯತೆ. 18 ತುಂಬದ ಹುಡುಗಿಯ ಮದುವೆಯ ಮಾತು, ಹೊಡೆತ, ದುಡಿಮೆಗೆ ಸಾಗಿಸುವ ಸುಳಿವು, ಇವುಗಳಿಗೆ 1098 ಮಕ್ಕಳ ಸಹಾಯವಾಣಿ ಮತ್ತು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇವೆ. ಇಂಥಲ್ಲಿ ನೀವೇ ರಾಜಿ ಪಂಚಾಯಿತಿಗೆ ಕೂರುವುದು ಮಗುವಿಗೆ ಅಪಾಯ ತರುತ್ತದೆ.

ಎಷ್ಟು ಕಾಲ ಇರುತ್ತೀರಿ ಎಂಬುದನ್ನು ಆರಂಭದಲ್ಲೇ ಮಗುವಿಗೆ ತಿಳಿಸಿ. ಕೆಲವೇ ತಿಂಗಳಲ್ಲಿ ಕೈಬಿಟ್ಟ ಮಾರ್ಗದರ್ಶನದಿಂದ ಮಗುವಿನ ಆತ್ಮವಿಶ್ವಾಸ ಮೊದಲಿಗಿಂತಲೂ ಕುಗ್ಗಬಹುದೆಂದು ಈ ವಿಷಯದ ಅಧ್ಯಯನಗಳು ತೋರಿಸಿವೆ. ಡಿಗ್ರಿ ಮುಗಿಸಿ ಬೆಂಗಳೂರಿಗೋ ಗಲ್ಫಿಗೋ ಹೊರಡುವ ಯುವಕರು ಆರಂಭದಿಂದಲೇ ಇಬ್ಬರು ಸೇರಿ ಒಂದು ಮಗುವನ್ನು ನೋಡಿಕೊಂಡರೆ ಒಬ್ಬರು ಹೋದಾಗ ಇನ್ನೊಬ್ಬರು ಉಳಿಯುತ್ತಾರೆ.

ಹತ್ತರ ನಂತರ

ಫಲಿತಾಂಶದ ದಿನ ಮಗುವಿನ ಮನೆಯಲ್ಲಿರಿ, ಅಥವಾ ಕನಿಷ್ಠ ಫೋನ್ ಮಾಡಿ. ಈಗ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಉತ್ತೀರ್ಣವಾಗದ ವಿಷಯಗಳನ್ನಷ್ಟೇ ಮತ್ತೆ ಬರೆದರೆ ಸಾಕು. ಆದರೆ ನೋಂದಣಿಯ ದಿನಗಳು ಬಹಳ ಕಡಿಮೆ ಇರುತ್ತವೆ, ಫಲಿತಾಂಶ ಕಂಡು ಬೇಸರಗೊಂಡ ಮಗು ಶಾಲೆಯ ಕಡೆ ತಲೆ ಹಾಕುವುದರೊಳಗೆ ಅವು ಮುಗಿದಿರುತ್ತವೆ. ಆದ್ದರಿಂದ ಫಲಿತಾಂಶದ ಮರುದಿನವೇ ಅವರನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಬಳಿ ಹೋಗಿ. ಉತ್ತೀರ್ಣರಾದವರಿಗೆ ಪಿಯುಸಿ ಒಂದೇ ದಾರಿಯಲ್ಲ. ಸರಕಾರಿ ಐಟಿಐ, ಪಾಲಿಟೆಕ್ನಿಕ್‌ಗಳ ಅರ್ಜಿಯ ಕೊನೆಯ ದಿನಾಂಕಗಳನ್ನು ಮೇ ತಿಂಗಳಲ್ಲೇ ತಿಳಿದಿಟ್ಟುಕೊಳ್ಳಿ. ಈಗಾಗಲೇ ಶಾಲೆ ಬಿಟ್ಟು ವರ್ಷಗಳಾಗಿ ಮತ್ತೆ ತರಗತಿಯಲ್ಲಿ ಕೂರಲು ಒಪ್ಪದವರು 14 ವರ್ಷ ತುಂಬಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಅಲ್ಲಿ ಪ್ರತಿದಿನದ ಹಾಜರಿ ಇರುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಪುಸ್ತಕ ತೆರೆಸುವ ಕೆಲಸ ನಿಮಗೆ ಬೀಳುತ್ತದೆ, ದಕ್ಕೆಯ ಕೆಲಸದ ಹುಡುಗನಾದರೆ ಆ ದಿನವನ್ನು ದೋಣಿಗಳು ದಡದಲ್ಲಿರುವ ಜೂನ್, ಜುಲೈ ತಿಂಗಳುಗಳಲ್ಲಿ ವಾರಕ್ಕೆ ಮೂರಕ್ಕೆ ಏರಿಸಿಕೊಳ್ಳಿ.